ಕೇಳ್ತದೆ, ಮಾತಾಡೂದಿಲ್ಲ: ಬೈತಖೋಲದ ಒಂದು ಹಳೇ ಟ್ರಾಲ್ ಬೋಟಿನ ವೈರಿಂಗ್

ಮೇ ಕೊನೆಯ ವಾರ. ಕಾರವಾರದ ಬೈತಖೋಲ ಬಂದರಿನಿಂದ ಒಬ್ಬ ತಾಂಡೇಲರ (ಬೋಟು ನಡೆಸುವವರ) ಫೋನ್ ಬಂತು. "ಅಣ್ಣಾ, ವಿಎಚ್‌ಎಫ್ ಸೆಟ್ಟು ಕೇಳ್ತದೆ, ಮಾತಾಡೂದಿಲ್ಲ. ಬಟನ್ ಒತ್ತಿದ ಕೂಡ್ಲೆ ಸತ್ತೋಗ್ತದೆ. ನಿನ್ನೆ ರಾತ್ರಿ ಕ್ಯಾಬಿನ್ನಲ್ಲಿ ಹೊಗೆ ಬೇರೆ ಬಂತು. ಒಮ್ಮೆ ಬಂದು ನೋಡಿ ಮಾರಾಯ್ರೆ."

ವಿಎಚ್‌ಎಫ್ ಅಂದರೆ ಬೋಟಿನಿಂದ ಬೋಟಿಗೆ ಮಾತಾಡುವ ರೇಡಿಯೋ. ಸೆಟ್ಟು ಹೋಗಿದೆ ಅಂತ ಹಿಂದಿನ ವರ್ಷವೇ ಹೊಸದು ತಂದಿದ್ದರು. ಹೊಸದಕ್ಕೂ ಅದೇ ರೋಗ. ರಾತ್ರಿ ಲೈಟ್ ಹಾಕಿದ ಮೇಲೆ ಇನ್ನೂ ಜಾಸ್ತಿ ಅಂತ ಅವರು ಮಾತಿನ ನಡುವೆ ಸುಮ್ನೆ ಒಂದು ಮಾತು ಸೇರಿಸಿದರು. ಇಡೀ ಪ್ರಕರಣದ ಗಂಟು ಅದೇ ಮಾತಿನಲ್ಲಿತ್ತು. ಆಗ ನನಗೆ ಹೊಳೆಯಲಿಲ್ಲ.

ಬೋಟಿನ ಬಗ್ಗೆ ಎರಡು ಮಾತು. ಮರದ ಬೋಟು, 15 ಮೀಟರ್ ಹತ್ತಿರ ಉದ್ದ, ವಯಸ್ಸು ಇಪ್ಪತ್ತು ದಾಟಿದೆ. ಈಗಿನವರು ಮೂರನೇ ಮಾಲೀಕರು. ಇಂಜಿನ್ ಸ್ಟಾರ್ಟ್ ಆಗಲು 24 ವೋಲ್ಟ್ ಬೇಕು. ಅದಕ್ಕೆ ಲಾರಿಯ ಎರಡು 12 ವೋಲ್ಟ್ ಬ್ಯಾಟರಿಗಳನ್ನು ಒಂದರ ಹಿಂದೆ ಒಂದು ಜೋಡಿಸಿದ್ದಾರೆ. ಲೈಟುಗಳೆಲ್ಲ 24 ವೋಲ್ಟಿನವು. ವಿಎಚ್‌ಎಫ್, ಜಿಪಿಎಸ್, ಮೀನು ನೋಡುವ ಎಕೋ ಸೌಂಡರ್ ಮಾತ್ರ 12 ವೋಲ್ಟಿನವು.

ಹೊಗೆ ಬಂದ ರಾತ್ರಿ ತಾಂಡೇಲರು ಒಂದು ಒಳ್ಳೇ ಕೆಲಸ ಮಾಡಿದ್ದರು. ನೀರು ಎರಚಲಿಲ್ಲ, ಓಡಿ ಹೋಗಿ ಮೇನ್ ಸ್ವಿಚ್ ಇಳಿಸಿದರು. ಆಮೇಲೆ ಯಾರೂ ಏನನ್ನೂ ಮುಟ್ಟಿರಲಿಲ್ಲ. ಸುಟ್ಟದ್ದು ಸುಟ್ಟ ಹಾಗೇ ಸಿಕ್ಕಿದ್ದರಿಂದ ಕಾರಣ ಹುಡುಕಲು ಆಯಿತು.

ಕ್ಯಾಬಿನ್ನಿನ ಪ್ಲೈವುಡ್ ಹಲಗೆ ಬಿಚ್ಚಿದೆ. ಹಿಂದುಗಡೆ ಕಪ್ಪು ಟೇಪಿನ ಒಂದು ಗಂಟು, ನೆಲ್ಲಿಕಾಯಿಯಷ್ಟು ದಪ್ಪ, ಅರ್ಧ ಕರಗಿ ಹಲಗೆಗೆ ಅಂಟಿಕೊಂಡಿತ್ತು. ಹಲಗೆಯ ಮೇಲೆ ಅಂಗೈ ಅಗಲದ ಕರಿ ಕಲೆ. ಆ ಗಂಟಿನೊಳಗೆ ಏಳು ವೈರುಗಳನ್ನು ಸುಮ್ನೆ ಹೊಸೆದು ಟೇಪ್ ಸುತ್ತಿದ್ದರು. ಏಳೂ ನೆಗೆಟಿವ್. ಕ್ಯಾಬಿನ್ನಿನ ಪ್ರತಿಯೊಂದು ಸಾಮಾನಿನ ಕರೆಂಟು ಬ್ಯಾಟರಿಗೆ ವಾಪಸು ಹೋಗುವ ದಾರಿ ಅದೊಂದೇ.

ಬಿಚ್ಚುವ ಮೊದಲು ಅಳತೆ ತಗೊಂಡೆ. ಮೀಟರಿನ ಒಂದು ಕಡ್ಡಿ ಗಂಟಿನ ಈಚೆ, ಇನ್ನೊಂದು ಆಚೆ. ಲೈಟ್ ಎಲ್ಲ ಹಾಕಿಸಿ, ಜಿಪಿಎಸ್, ಎಕೋ ಸೌಂಡರ್ ಚಾಲು ಮಾಡಿದಾಗ ಅಲ್ಲಿ ಹರಿಯುತ್ತಿದ್ದದ್ದು 8 ಆಂಪಿಯರ್. ಗಂಟಿನಲ್ಲೇ 2.1 ವೋಲ್ಟ್ ಕಳೆದುಹೋಗುತ್ತಿತ್ತು. ಎಂಟನ್ನು 2.1ರಿಂದ ಗುಣಿಸಿದರೆ ಸುಮಾರು 17 ವ್ಯಾಟ್. ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅಂದರೆ ಹೆಚ್ಚುಕಡಿಮೆ ಒಂದು ಸೋಲ್ಡರಿಂಗ್ ಐರನ್ನಿಗೆ ಟೇಪ್ ಸುತ್ತಿ, ಒಣ ಹಲಗೆಗೆ ಒತ್ತಿ ಇಟ್ಟು, ರಾತ್ರಿಯಿಡೀ ಉರಿಸಿದ ಹಾಗೆ.

"ಫ್ಯೂಸ್ ಯಾಕೆ ಹೋಗ್ಲಿಲ್ಲ ಹಾಗಾದ್ರೆ?" ಮಾಲೀಕರು ಕೇಳಿದರು. ಫ್ಯೂಸ್ ತೆಗೆದು ನೋಡಿದರೆ ಅದಕ್ಕೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿತ್ತು. ಎಲ್ಲರೂ ನಕ್ಕರು. ತಪ್ಪು ಸಿಕ್ಕಿತು ಅಂದುಕೊಂಡರು. ಆದರೆ ಅಲ್ಲಿ ಸರಿಯಾದ 10 ಆಂಪಿಯರ್ ಫ್ಯೂಸ್ ಇದ್ದಿದ್ದರೂ ಹೋಗುತ್ತಿರಲಿಲ್ಲ. ಹರಿದದ್ದು 8 ಆಂಪಿಯರ್ ತಾನೆ? ಫ್ಯೂಸಿಗೆ ಜಾಸ್ತಿ ಕರೆಂಟು ಗೊತ್ತಾಗುತ್ತದೆ, ಕೆಟ್ಟ ಜಾಯಿಂಟ್ ಗೊತ್ತಾಗುವುದಿಲ್ಲ. ಮನೆ ವೈರಿಂಗ್ ಮಾಡಿ ಬೆಳೆದ ನಮ್ಮಂಥವರಿಗೆ ಇದು ತಲೆಗೆ ಹೋಗಲು ವರ್ಷಗಳೇ ಹಿಡಿಯುತ್ತವೆ. ನನಗಂತೂ ಹಿಡಿದಿವೆ.

ಇನ್ನು ವಿಎಚ್‌ಎಫ್ ಕಥೆ. ಕೇಳುವಾಗ ಅದು ತಿನ್ನೋದು ಅರ್ಧ ಆಂಪಿಯರ್ ಅಷ್ಟೆ. ಬಟನ್ ಒತ್ತಿ 25 ವ್ಯಾಟಿನಲ್ಲಿ ಮಾತಾಡಿದರೆ 6 ಆಂಪಿಯರ್ ಹತ್ತಿರ. ಬ್ಯಾಟರಿಯಿಂದ ಸೆಟ್ಟಿಗೆ ಹಾಕಿದ್ದ ವೈರ್ 1 ಚದರ ಮಿ.ಮೀ.ನ ಮನೆ ವೈರ್. ಹೋಗಲು 7 ಮೀಟರ್, ಬರಲು 7 ಮೀಟರ್. ಹದಿನಾಲ್ಕು ಮೀಟರಿಗೆ ಲೆಕ್ಕ ಹಾಕಿದರೆ ಸುಮಾರು ಕಾಲು ಓಮ್. 6 ಆಂಪಿಯರ್ ಹರಿದರೆ ವೈರಿನಲ್ಲೇ ಒಂದೂವರೆ ವೋಲ್ಟ್ ಹೋಯಿತು. ಮೇಲಿಂದ ಆ ನೆಲ್ಲಿಕಾಯಿ ಗಂಟು ಎರಡು ವೋಲ್ಟ್ ನುಂಗಿತು. ಬ್ಯಾಟರಿ ಹತ್ತಿರ 12 ಇದ್ದದ್ದು ಸೆಟ್ಟಿನ ಹಿಂದೆ ಎಂಟೂವರೆ. ಸೆಟ್ಟು ಸಾಯದೆ ಇನ್ನೇನು ಮಾಡೀತು? ರಾತ್ರಿ ಲೈಟುಗಳ ಕರೆಂಟೂ ಅದೇ ಗಂಟಿನಿಂದ ವಾಪಸಾಗುತ್ತದೆ. ಅದಕ್ಕೇ ಲೈಟ್ ಹಾಕಿದರೆ ಮಾತು ಇನ್ನೂ ಬೇಗ ನಿಲ್ಲುತ್ತಿತ್ತು. ತಾಂಡೇಲರು ಫೋನಿನಲ್ಲೇ ಉತ್ತರ ಹೇಳಿಬಿಟ್ಟಿದ್ದರು.

ಹೊಸ ಸೆಟ್ಟಿಗೆ ಕೊಟ್ಟ ದುಡ್ಡು ಸುಮ್ನೆ ಹೋಯಿತು. ಆ ಮಾತು ನಾನು ಎತ್ತಲಿಲ್ಲ. ಮಾಲೀಕರು ತಾವೇ ಎತ್ತಿ, ತಾವೇ ಬೈದುಕೊಂಡರು.

ಅಷ್ಟಕ್ಕೇ ಬಿಟ್ಟಿದ್ದರೆ ಒಂದು ದಿನದ ಕೆಲಸ. ಗಂಟು ಬಿಚ್ಚಿ, ದಪ್ಪ ವೈರ್ ಎಳೆದು ಮನೆಗೆ ಹೋಗಬಹುದಿತ್ತು. ಆದರೆ ಬ್ಯಾಟರಿಗೆ ನೀರು ಎಷ್ಟು ದಿನಕ್ಕೆ ಹಾಕುತ್ತೀರಿ ಅಂತ ಕೇಳಿದ್ದಕ್ಕೆ ಬಂದ ಉತ್ತರ ನನ್ನನ್ನು ಅಲ್ಲೇ ಕೂರಿಸಿತು. "ಬಲಗಡೆದು ಭಾರೀ ನೀರು ಕುಡೀತದೆ. ಎಡಗಡೆದು ಕುಡಿಯೂದೇ ಇಲ್ಲ. ಒಳ್ಳೇ ಬ್ಯಾಟರಿ ಅದು."

ಒಳ್ಳೇ ಬ್ಯಾಟರಿ ಅಲ್ಲ, ಹೊಟ್ಟೆಗಿಲ್ಲದ ಬ್ಯಾಟರಿ. 12 ವೋಲ್ಟಿನ ಸಾಮಾನಿಗೆಲ್ಲ ಎಡಗಡೆ ಬ್ಯಾಟರಿ ಒಂದರಿಂದಲೇ ವೈರ್ ಕಿತ್ತು ಕೊಟ್ಟಿದ್ದರು. ನಮ್ಮ ಕರಾವಳಿಯಲ್ಲಿ ಇದು ಮಾಮೂಲಿ. ಖರ್ಚಿಲ್ಲದ ಉಪಾಯ. ಏನಾಗುತ್ತದೆ ಅಂದರೆ, ಎಡಗಡೆಯದು ದಿನವಿಡೀ ಜಾಸ್ತಿ ಖಾಲಿಯಾಗುತ್ತದೆ. ಇಂಜಿನ್ ಚಾಲು ಆದಾಗ ಚಾರ್ಜ್ ಮಾಡುವ ಆಲ್ಟರ್ನೇಟರ್ ಎರಡೂ ಬ್ಯಾಟರಿಗೆ ಒಂದೇ ಕರೆಂಟು ತಳ್ಳುತ್ತದೆ. ಅದು ನೋಡುವುದು ಎರಡರ ಒಟ್ಟು ವೋಲ್ಟೇಜ್ ಮಾತ್ರ. ಇಂಜಿನ್ ಓಡುವಾಗ ಅಳೆದೆ: ಒಟ್ಟು 28.3. ನೋಡಲು ಬಹಳ ಚೆಂದ. ಬೇರೆಬೇರೆ ಅಳೆದರೆ ಎಡಗಡೆ 13.1, ಬಲಗಡೆ 15.2. ಎಡಗಡೆಯದಕ್ಕೆ ಯಾವತ್ತೂ ಹೊಟ್ಟೆ ತುಂಬುವುದಿಲ್ಲ, ಬಲಗಡೆಯದು ದಿನಾ ಕುದಿಯುತ್ತದೆ. ಕುದಿಯುವ ಬ್ಯಾಟರಿಯಿಂದ ಹೈಡ್ರೋಜನ್ ಏಳುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಒಂದು ಕಿಡಿ ಸಾಕು. ಆ ಬ್ಯಾಟರಿ ಪೆಟ್ಟಿಗೆಗೆ ಮೇಲ್ಗಡೆ ಒಂದು ತೂತೂ ಇರಲಿಲ್ಲ, ಮುಚ್ಚಳದ ಮೇಲೆ ಹುಡುಗರು ಮಲಗುವ ಚಾಪೆ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. 61 ದಿನ. ಪೂರ್ತಿ ಬಿಚ್ಚಿ ಹೊಸದಾಗಿ ಮಾಡೋಣ ಅಂದೆ. ಮಾಲೀಕರು ಎರಡು ದಿನ ಯೋಚನೆ ಮಾಡಿ ಹೂಂ ಅಂದರು. ಒಂದೇ ಷರತ್ತು: ಎಲ್ಲಿ ಕಡಿಮೆಯಲ್ಲಿ ಆಗುತ್ತದೋ ಅಲ್ಲಿ ಕಡಿಮೆ ಮಾಡಬೇಕು. ನ್ಯಾಯವಾದ ಮಾತೇ.

ಬಿಚ್ಚುವ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಮಳೆ ಬೇರೆ. ತಾಡಪತ್ರಿ ಕೆಳಗೆ ಕೂತು ಒಂದೊಂದೇ ವೈರ್ ಎಳೆದೆವು. ಟೇಪಿನ ಜಾಯಿಂಟ್ ಎಣಿಸಿದರೆ 43. ಇಂಜಿನ್ ಕೋಣೆಯ ತಳದಲ್ಲಿ, ನೀರು ನಿಲ್ಲುವ ಜಾಗದಲ್ಲೇ ಒಂಬತ್ತು. ಮುಂದಿನ ತುದಿಯಲ್ಲಿ ಒಂದು ದಪ್ಪ ವೈರ್ ಜೋಡಿ ಸುಮ್ನೆ ನೇತಾಡುತ್ತಿತ್ತು. ಹಿಂದಿನ ಮಾಲೀಕರ ಕಾಲದ ದೊಡ್ಡ ಲೈಟಿನದು. 2017ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಲೈಟ್ ಫಿಶಿಂಗ್ (ದೊಡ್ಡ ಬೆಳಕು ಬಿಟ್ಟು ಮೀನು ಸೇರಿಸಿ ಹಿಡಿಯುವುದು) ನಿಷೇಧ ಮಾಡಿದ ಮೇಲೆ ಲೈಟ್ ಇಳಿಸಿದ್ದಾರೆ, ವೈರ್ ಬಿಟ್ಟಿದ್ದಾರೆ. ಬ್ಯಾಟರಿ ಕಡೆಯ ತುದಿ ಇನ್ನೂ ಬ್ಯಾಟರಿಗೇ ಕಚ್ಚಿತ್ತು, ಫ್ಯೂಸ್ ಇಲ್ಲದೆ. ಇಷ್ಟು ವರ್ಷ ಬಲೆಯ ಹಗ್ಗದ ಪಕ್ಕ ಜೀವಂತ ವೈರ್ ಬಿದ್ದಿತ್ತು.

ಇನ್ನೊಂದು ಸಂಗತಿ ಹೇಳಲೇಬೇಕು. ಆ 43ರಲ್ಲಿ ಆರು ಜಾಯಿಂಟ್ ನನ್ನವೇ. ಟೇಪ್ ಸುತ್ತಿ, ಬಿಚ್ಚದಿರಲಿ ಅಂತ ಮೇಲಿಂದ ಬಲೆಯ ನೈಲಾನ್ ದಾರ ಬಿಗಿಯುವುದು ನನ್ನ ಹಳೇ ಚಟ. ಹನ್ನೊಂದು ವರ್ಷದ ಹಿಂದೆ ಇದೇ ಬೋಟಿಗೆ ಎರಡು ಲೈಟ್ ಹಾಕಿಕೊಟ್ಟು ಹೋಗಿದ್ದೆ. ಮರೆತೇ ಹೋಗಿತ್ತು. ದಾರ ನೋಡಿ ನೆನಪಾಯಿತು. ಜೊತೆಗಿದ್ದ ಹುಡುಗನಿಗೂ ಗೊತ್ತಾಯಿತು, ಪಾಪ, ಏನೂ ಅನ್ನಲಿಲ್ಲ.

ಆ ನನ್ನ ವೈರನ್ನೇ ಒಂದು ಪ್ರಯೋಗಕ್ಕೆ ತಗೊಂಡೆ. ತುದಿ ಕತ್ತರಿಸಿ ಪ್ಲಾಸ್ಟಿಕ್ ಸುಲಿದೆ. ತಾಮ್ರ ಕಪ್ಪಗೆ. ಇನ್ನೊಂದು ಇಂಚು ಕತ್ತರಿಸಿದೆ, ಕಪ್ಪು. ಮೊಳದಷ್ಟು ಒಳಗೆ ಹೋದರೂ ಕಪ್ಪೇ. ಉಪ್ಪುನೀರು ಎಳೆಗಳ ಸಂದಿಯಲ್ಲಿ, ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ, ಒಳಗೆ ಹತ್ತುತ್ತದೆ. ಹೊರಗಿಂದ ನೋಡಿದರೆ ವೈರ್ ಹೊಸದರ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಮನೆಗೆ ಒಳ್ಳೇ ವೈರ್ ಅದು. ಬೋಟಿಗೆ ಅಲ್ಲ ಅಷ್ಟೆ. ಬೋಟಿಗೆ ಬೇಕಾದದ್ದು ಸಣ್ಣ ಎಳೆಗಳ, ಪ್ರತಿ ಎಳೆಗೂ ತವರ ಬಳಿದ ತಾಮ್ರದ ವೈರ್. ಗೋವಾದಿಂದ ತರಿಸಿದೆ. ಬೆಲೆ ದುಪ್ಪಟ್ಟಿಗಿಂತ ಜಾಸ್ತಿ. ಮೊಳದುದ್ದದ ಕಪ್ಪು ವೈರನ್ನು ಮಾಲೀಕರ ಕೈಗೆ ಕೊಟ್ಟ ಮೇಲೆ ಬೆಲೆಯ ಚರ್ಚೆ ನಡೆಯಲಿಲ್ಲ.

ನಿಯಮಕ್ಕೆ ನಾನು ಬೋಟ್ ವೈರಿಂಗಿನ ಎರಡು ಪುಸ್ತಕ ಹಿಡಿದೆ: ಅಂತರರಾಷ್ಟ್ರೀಯ ಐಎಸ್‌ಒ 13297 ಮತ್ತು ಅಮೆರಿಕದವರ ಎಬಿವೈಸಿ ಇ-11. ಎರಡನ್ನೂ ಬರೆದದ್ದು ಮುಖ್ಯವಾಗಿ ವಿಹಾರದ ಸಣ್ಣ ಬೋಟುಗಳಿಗೆ. ಆದರೆ ಉಪ್ಪುನೀರಿಗೆ ಯಾವುದು ವಿಹಾರದ ಬೋಟು, ಯಾವುದು ಟ್ರಾಲ್ ಬೋಟು ಅಂತ ಗೊತ್ತಾಗುತ್ತದಾ? ಅಳತೆಗಳು ಇಲ್ಲಿಗೂ ಸರಿಹೊಂದುತ್ತವೆ.

ಮೊದಲು ಬ್ಯಾಟರಿ. ಪೆಟ್ಟಿಗೆಗೆ ಮೇಲಿಂದ ಗಾಳಿ ಕೊಳವೆ ಇಟ್ಟೆವು, ಹೈಡ್ರೋಜನ್ ಹಗುರ, ಮೇಲಿಂದಲೇ ಹೋಗಬೇಕು. ಬ್ಯಾಟರಿ ಅಲ್ಲಾಡದ ಹಾಗೆ ಪಟ್ಟಿ ಬಿಗಿದೆವು. ಎಬಿವೈಸಿ ಪ್ರಕಾರ ಒಂದು ಇಂಚಿಗಿಂತ ಜಾಸ್ತಿ ಜರುಗಬಾರದು. ಚಾಪೆ ಬೇರೆ ಕಡೆ ಹೋಯಿತು. ಆಮೇಲೆ ಫ್ಯೂಸ್. ಫ್ಯೂಸ್ ಇರುವುದು ಸಾಮಾನು ಕಾಪಾಡಲು ಅಂತ ಎಲ್ಲರ ನಂಬಿಕೆ. ಅದು ಇರುವುದು ವೈರ್ ಕಾಪಾಡಲು. ಶಾರ್ಟ್ ಆದರೆ ಲಾರಿ ಬ್ಯಾಟರಿ ಸಾವಿರ ಆಂಪಿಯರ್ ಮೀರಿ ಕಕ್ಕುತ್ತದೆ. ಬ್ಯಾಟರಿಯಿಂದ ಫ್ಯೂಸಿನವರೆಗಿನ ವೈರಿಗೆ ಯಾರ ಕಾವಲೂ ಇಲ್ಲ. ಅದಕ್ಕೇ ಆ ತುಂಡು ಎಷ್ಟು ಗಿಡ್ಡ ಇದ್ದರೆ ಅಷ್ಟು ಒಳ್ಳೆಯದು. ಎಬಿವೈಸಿ 7 ಇಂಚು ಅನ್ನುತ್ತದೆ, ಐಎಸ್‌ಒ 200 ಮಿ.ಮೀ. ಎರಡೂ ಒಂದು ಗೇಣಿನೊಳಗಿನ ಮಾತು. ಹಳೇ ಬೋಟಿನಲ್ಲಿ ಮೊದಲ ಫ್ಯೂಸ್ ಇದ್ದದ್ದು ಕ್ಯಾಬಿನ್ನಿನಲ್ಲಿ, 7 ಮೀಟರ್ ಆಚೆ. ಸ್ಟಾರ್ಟರ್ ಮೋಟಾರಿನ ದಪ್ಪ ಕೇಬಲ್ಲಿಗೆ ಮಾತ್ರ ನಿಯಮ ವಿನಾಯಿತಿ ಕೊಡುತ್ತದೆ.

12 ವೋಲ್ಟಿಗೆ ಬೇರೆ ದಾರಿ ಮಾಡಿದೆ. ಬ್ಯಾಟರಿಯಿಂದ ಕ್ಯಾಬಿನ್ನಿಗೆ 24 ವೋಲ್ಟನ್ನೇ ಒಯ್ದು, ಅಲ್ಲಿ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಕೂರಿಸಿದೆ. ಎರಡೂ ಬ್ಯಾಟರಿ ಸಮನಾಗಿ ದುಡಿಯುತ್ತವೆ. ಕ್ಯಾಬಿನ್ನಿಗೆ 10 ಚದರ ಮಿ.ಮೀ. ಕೇಬಲ್, ಬ್ಯಾಟರಿ ಬುಡದಲ್ಲಿ 40 ಆಂಪಿಯರ್ ಫ್ಯೂಸ್. ಎಲ್ಲ ಒಟ್ಟಿಗೆ ಚಾಲು ಮಾಡಿ 15 ಆಂಪಿಯರ್ ಹಿಡಿದರೂ ವೈರಿನಲ್ಲಿ ಹೋಗುವುದು 0.37 ವೋಲ್ಟ್. ನೂರಕ್ಕೆ ಒಂದೂವರೆ. ರಾತ್ರಿ ಬೇರೆ ಬೋಟುಗಳಿಗೆ ಕಾಣಿಸುವ ದೀಪ, ರೇಡಿಯೋದಂಥ ಜೀವ ಉಳಿಸುವ ಸಾಮಾನಿಗೆ ನೂರಕ್ಕೆ 3ರವರೆಗೆ ಇರಬಹುದು, ಮಲಗುವ ಕಡೆಯ ಲೈಟಿನಂಥದಕ್ಕೆ 10ರವರೆಗೆ. ಮಾಲೀಕರ ದುಡ್ಡು ಉಳಿಸಿದ್ದು ಈ ಹತ್ತರಲ್ಲೇ. ಹುಡುಗರ ಲೈಟಿಗೆ, ಫ್ಯಾನಿಗೆ ಸಣ್ಣ ವೈರ್ ಸಾಕಾಯಿತು.

ನೆಗೆಟಿವ್ ವಿಷಯದಲ್ಲಿ ಮಾತ್ರ ಒಂದು ಪೈಸೆ ಬಿಡಲಿಲ್ಲ. ನಮ್ಮಲ್ಲಿ ಬೋಟ್ ವೈರಿಂಗ್ ಮಾಡುವವರು ಬಹಳ ಮಂದಿ ಲಾರಿ ಕೆಲಸ ಕಲಿತವರು. ಲಾರಿಗೆ ಚಾಸಿಯೇ ನೆಗೆಟಿವ್. ಆ ರೂಢಿಯಲ್ಲಿ ಬೋಟಿನ ಇಂಜಿನ್ನಿಗೂ ಎರಡು ಲೈಟಿನ ನೆಗೆಟಿವ್ ಕಚ್ಚಿಸಿದ್ದರು. ಇಂಜಿನ್ನಿಗೆ ಶಾಫ್ಟ್ ಸೇರಿದೆ, ಶಾಫ್ಟಿಗೆ ಫ್ಯಾನ್ (ಬೋಟು ತಳ್ಳುವ ಪ್ರೊಪೆಲ್ಲರ್), ಫ್ಯಾನ್ ಇರುವುದು ಸಮುದ್ರದಲ್ಲಿ. ದಾರಿ ತಪ್ಪಿದ ಕರೆಂಟು ನೀರಿಗಿಳಿದರೆ ಲೋಹವನ್ನು ಗೆದ್ದಲಿನ ಹಾಗೆ ತಿನ್ನುತ್ತದೆ. ಈಗ ಪ್ರತಿ ಸಾಮಾನಿಗೂ ಎರಡು ವೈರ್, ಹೋಗಲು ಒಂದು, ಬರಲು ಒಂದು. ಎಲ್ಲ ನೆಗೆಟಿವ್ ಒಂದೇ ತಾಮ್ರದ ಪಟ್ಟಿಗೆ, ಅಂದರೆ ಬಸ್‌ಬಾರಿಗೆ, ಒಂದು ಸ್ಕ್ರೂಗೆ ಒಂದು ಲಗ್ (ವೈರಿನ ತುದಿಗೆ ಕೂರಿಸುವ ಲೋಹದ ಬಳೆ). ಅಲ್ಲಿಂದ ಇಂಜಿನ್ನಿಗೆ ಒಂದೇ ಕೇಬಲ್.

ಕೆಲವರು ಇಂಥ ಕಡೆ ಹೆದರಿ, ಕೆಳಗಿರುವ ಕಬ್ಬಿಣ, ಹಿತ್ತಾಳೆಯನ್ನೆಲ್ಲ ಒಂದಕ್ಕೊಂದು ವೈರಿನಿಂದ ಜೋಡಿಸಿ, ಆ ಲೋಹದ ಬದಲು ತಾವೇ ಸವೆಯುವ ಸತುವಿನ ಗಟ್ಟಿಗಳನ್ನು ಸಾಲಾಗಿ ಹೊಡೆಯುತ್ತಾರೆ. ಮರದ ಬೋಟಿಗೆ ಅದು ಒಳ್ಳೆಯದಲ್ಲ. ಸತು ಜಾಸ್ತಿಯಾದರೆ ಲೋಹ ಉಳಿಯುತ್ತದೆ, ಆದರೆ ಅದರ ಸುತ್ತ ಕ್ಷಾರ ಹುಟ್ಟಿ ಮರ ಹತ್ತಿಯಂತೆ ಮೆತ್ತಗಾಗುತ್ತದೆ. ಈ ಬೋಟಿನಲ್ಲೇ ಒಂದು ಬೋಲ್ಟಿನ ಸುತ್ತ ಉಗುರು ಒತ್ತಿದರೆ ಇಳಿಯುತ್ತಿತ್ತು. ಅದನ್ನು ಬಡಗಿಗೆ ತೋರಿಸಿ ನಾನು ಪಕ್ಕಕ್ಕೆ ಸರಿದೆ.

ಜಾಯಿಂಟ್ ಈಗ ಇಲ್ಲವೇ ಇಲ್ಲ ಅನ್ನಬಹುದು. ಪ್ಯಾನೆಲ್ಲಿನಿಂದ ಸಾಮಾನಿನವರೆಗೆ ಒಂದೇ ತುಂಡು ವೈರ್. ತುದಿಗೆ ಲಗ್ ಕೂರಿಸಿ, ಸರಿಯಾದ ಒತ್ತುಗತ್ತರಿಯಲ್ಲಿ ಒತ್ತಿ, ಒಳಗೆ ಅಂಟಿರುವ ಸ್ಲೀವ್ ಹಾಕಿ ಬಿಸಿ ಕೊಟ್ಟೆವು. ಒತ್ತಿದ ಪ್ರತಿಯೊಂದನ್ನೂ ಹಿಡಿದು ಜಗ್ಗಿ ನೋಡಬೇಕು. ಮೊದಲ ದಿನ ಹುಡುಗನ ಮೂರು ಲಗ್ ಕೈಗೆ ಬಂದವು. ಸೋಲ್ಡರ್ ಮಾಡೋಣ ಅಂದ. ಸೋಲ್ಡರ್ ಎಳೆಗಳೊಳಗೆ ಹರಿದು ವೈರನ್ನು ಕಡ್ಡಿ ಮಾಡುತ್ತದೆ. ಆ ಕಡ್ಡಿ ಮುಗಿಯುವ ಜಾಗದಲ್ಲೇ ಇಂಜಿನ್ನಿನ ನಡುಕಕ್ಕೆ ಮುರಿಯುತ್ತದೆ. ಬೇಡ ಅಂದೆ. ವೈರ್ ಎಲ್ಲ ನೀರು ಮುಟ್ಟದ ಎತ್ತರದಲ್ಲಿ, 450 ಮಿ.ಮೀ.ಗೆ ಒಂದು ಕ್ಲಿಪ್. ನೀರು ಎತ್ತುವ ಪಂಪಿಗೆ ಮಾತ್ರ ಮೇನ್ ಸ್ವಿಚ್ಚಿನ ಹಿಂದಿನಿಂದ, ಅದರದೇ ಫ್ಯೂಸಿನೊಂದಿಗೆ ಬೇರೆ ಲೈನ್ ಕೊಟ್ಟೆ. ಎಲ್ಲ ಆರಿಸಿ ಮನೆಗೆ ಹೋದರೂ ಅದು ಎಚ್ಚರ ಇರಬೇಕು. ಮರದ ಬೋಟು ನೀರು ಜಿನುಗದೆ ಇರುತ್ತದಾ?

ಫ್ಯೂಸಿನ ಬದಲು ಮನೆಯ ಎಂಸಿಬಿ (ಕರೆಂಟು ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು) ಹಾಕಿದರೆ ಅಗ್ಗ ಆಗ್ತದಲ್ಲ ಅಂತ ಮಾಲೀಕರು ಕೇಳಿದ್ದರು. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಬಾರಿ ಸೊನ್ನೆ ಮುಟ್ಟುತ್ತದೆ, ಸ್ವಿಚ್ ಬಿಡುವಾಗ ಎದ್ದ ಕಿಡಿ ಅಲ್ಲೇ ಆರುತ್ತದೆ. ಬ್ಯಾಟರಿ ಕರೆಂಟು ಸೊನ್ನೆ ಮುಟ್ಟುವುದೇ ಇಲ್ಲ. ಡಿಸಿಗೆ ಅಂತ ಬರೆದದ್ದೇ ಬೇಕು. ಮೊಬೈಲ್ ಚಾರ್ಜಿಗೆ, ಟಿವಿಗೆ ಇದ್ದ 230 ವೋಲ್ಟ್ ಇನ್ವರ್ಟರಿಗೆ, ಕರೆಂಟು ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿದೆ. ಒದ್ದೆ ಡೆಕ್ಕು, ಬರಿಗಾಲು. ಇನ್ವರ್ಟರಿನ ನ್ಯೂಟ್ರಲ್ಲನ್ನು ಅರ್ಥಿಗೆ ಸೇರಿಸದಿದ್ದರೆ ಆರ್‌ಸಿಸಿಬಿ ಬರೀ ಅಲಂಕಾರ, ಅದನ್ನೂ ನೋಡಿಕೊಳ್ಳಬೇಕು.

ರಾತ್ರಿ ಬೇರೆಯವರಿಗೆ ಬೋಟು ಕಾಣಲು ಹಾಕುವ ಲೈಟ್ ವಿಷಯ ಬೇಗ ಮುಗಿಸುತ್ತೇನೆ. ಎಡಗಡೆ ಕೆಂಪು, ಬಲಗಡೆ ಹಸಿರು, ತಲಾ 112.5 ಡಿಗ್ರಿ. ಹಿಂದಿನ ಬಿಳಿ 135. ಟ್ರಾಲ್ ಎಳೆಯುವಾಗ ಮೇಲೆ ಹಸಿರು, ಅದರ ಕೆಳಗೆ ಬಿಳಿ, ಸುತ್ತಲೂ ಕಾಣಬೇಕು. ಇವರ ಹಿಂದಿನ ಲೈಟ್ ಮುಂದಿನಿಂದಲೂ ಕಾಣುತ್ತಿತ್ತು. ಎದುರು ಬರುವವನಿಗೆ ಈ ಬೋಟು ಬರ್ತಾ ಇದೆಯಾ, ಹೋಗ್ತಾ ಇದೆಯಾ ಹೇಗೆ ಗೊತ್ತಾಗಬೇಕು?

ಲೈಟಿನಲ್ಲೇ ಒಂದು ಪೆಟ್ಟು ತಿಂದೆ. ಅಗ್ಗದ ಎಲ್‌ಇಡಿ ಒಂದನ್ನು ಕಂಬದ ಮೇಲೆ ಹಾಕಿದ್ದೆ. ವಿಎಚ್‌ಎಫ್ ಈಗ ಚೆನ್ನಾಗಿ ಮಾತಾಡುತ್ತಿತ್ತು, ಆದರೆ ಲೈಟ್ ಹಾಕಿದರೆ ದೂರದವರ ಮಾತು ಕೇಳುತ್ತಿರಲಿಲ್ಲ! ರೋಗ ತಿರುಗಿ ಬಿದ್ದಿತ್ತು. ಯಾರೂ ಮಾತಾಡದ ಚಾನೆಲ್ಲಿಗೆ ಹಾಕಿ, ಸ್ಕ್ವೆಲ್ಚ್ ತಿರುಗಿಸಿ ಗೊರಗೊರ ನಿಲ್ಲುವಲ್ಲಿಗೆ ತಂದು, ಲೈಟ್ ಹಾಕಿದೆ. ಗೊರಗೊರ ವಾಪಸು. ಎಲ್‌ಇಡಿಯೊಳಗಿನ ಸರ್ಕ್ಯೂಟ್ ಆಂಟೆನಾ ಪಕ್ಕದಲ್ಲೇ ಕೂತು ಗಲಾಟೆ ಮಾಡುತ್ತಿತ್ತು. ಬದಲಿಸಿದೆ, ನನ್ನ ದುಡ್ಡಿನಲ್ಲಿ.

ಜುಲೈ ಕೊನೆಗೆ ಕಡೆಯ ಪರೀಕ್ಷೆ. ಪಂಪಿನ ಫ್ಯೂಸ್ ತೆಗೆದು, ಬೋಟಿನ ಸಾಮಾನೆಲ್ಲ ಆರಿಸಿ, ಬ್ಯಾಟರಿ ಕೇಬಲ್ಲಿನ ನಡುವೆ ಮೀಟರ್ ಕೂರಿಸಿದೆ. ಸೊನ್ನೆ ಬರಬೇಕು. 40 ಮಿಲಿಆಂಪಿಯರ್ ತೋರಿಸಿತು. ಫ್ಯೂಸ್ ಒಂದೊಂದೇ ತೆಗೆಯುತ್ತ ಹೋದೆ. ಹಿಂದಿನ ಲೈಟಿನದು ತೆಗೆದಾಗ ಸೊನ್ನೆಯಾಯಿತು. ಅದರ ಸ್ವಿಚ್ ಕಂಬದ ಹತ್ತಿರ ಇದೆ, ಅಲ್ಲಿವರೆಗೆ ವೈರಿನಲ್ಲಿ ಯಾವಾಗಲೂ ಕರೆಂಟು. ಆ ದಾರಿಯಲ್ಲಿ ಹಾರ್ನ್ ಕೂರಿಸಲು ಹುಡುಗ ಹೊಡೆದ ಒಂದು ಸ್ಕ್ರೂ ಹಲಗೆ ದಾಟಿ ವೈರಿನ ಮೈ ತಾಗಿತ್ತು. ಸ್ಕ್ರೂ ತೆಗೆದು ಬೆಳಕಿಗೆ ಹಿಡಿದೆ. ತುದಿಯ ಎಳೆಯಲ್ಲಿ ಕೂದಲಿನಷ್ಟು ತೆಳ್ಳಗೆ, ಫಳಫಳ ಹೊಳೆಯುವ ಒಂದು ತಾಮ್ರದ ಚೂರು. ನೆನೆದ ಮರವೇ ಕರೆಂಟನ್ನು ದಾಟಿಸುತ್ತಿತ್ತು. ಒಟ್ಟು ವೈರ್ ಬದಲಿಸಿದೆವು, ಟೇಪ್ ಸುತ್ತಲಿಲ್ಲ.

ಆಗಸ್ಟ್‌ನಲ್ಲಿ ಬೋಟು ಹೊರಟಿತು. ನಾರಳಿ ಹುಣ್ಣಿಮೆಯ ತೆಂಗಿನಕಾಯಿ ಸಮುದ್ರಕ್ಕೆ ಬಿಟ್ಟ ಮೇಲೆ ಮಾಲೀಕರು ನನ್ನ ಬಾಕಿ ದುಡ್ಡೂ ಕೊಟ್ಟರು. ಹಳೇ ಬ್ಯಾಟರಿ ಎರಡೂ ಹೋಗಿ ಹೊಸ ಜೋಡಿ ಬಂದಿತ್ತು.

ಅಕ್ಟೋಬರ್‌ನಲ್ಲಿ ಬೇರೆ ಕೆಲಸಕ್ಕೆ ಬಂದರಿಗೆ ಹೋದವನು ಆ ಬೋಟಿಗೂ ಹತ್ತಿದೆ. ಇಂಜಿನ್ ಚಾಲು ಇತ್ತು. ಬ್ಯಾಟರಿ ಅಳೆದರೆ 14.1 ಮತ್ತು 14.2. ತಾಂಡೇಲರು, "ಎರಡೂ ಸಮ ನೀರು ಕುಡೀತಾವೆ ಈಗ" ಅಂದರು. ಕ್ಯಾಬಿನ್ನಿನ ಹಲಗೆ ತೆಗೆದು ನೋಡಿದೆ. ಜಿಪಿಎಸ್ ವೈರನ್ನು ನಡುವೆ ಸುಲಿದು, ಮೊಬೈಲ್ ಚಾರ್ಜರಿನ ಎರಡು ವೈರ್ ಹೊಸೆದು, ಕಪ್ಪು ಟೇಪ್ ಸುತ್ತಿದ್ದರು.

"ಇದು ಯಾರದ್ದು ತಾಂಡೇಲ್ರೆ?"

"ಹುಡುಗ್ರು ಮಾಡ್ಕಂಡಿರ್ಬೇಕು," ಅಂದು ಬೇರೆ ಕಡೆ ನೋಡಿದರು.

ಪ್ಯಾನೆಲ್ಲಿನಲ್ಲಿ ಎರಡು ಫ್ಯೂಸ್ ಖಾಲಿ ಬಿಟ್ಟಿದ್ದೆ. ಸುಲಿದ ವೈರ್ ಕಿತ್ತು ಜಿಪಿಎಸ್ಸಿಗೆ ಹೊಸ ತುಂಡು ಎಳೆದೆ. ಖಾಲಿ ಫ್ಯೂಸಿನಿಂದ ಒಂದು ಲೈನ್ ತಂದು ಎರಡು ಚಾರ್ಜಿಂಗ್ ಸಾಕೆಟ್ ಕೂರಿಸಿದೆ. ಒಂದು ಸಾಕೇನೋ ಅಂದರೆ, ಬೋಟಿನಲ್ಲಿ ಎಂಟು ಜನ, ಎಂಟು ಮೊಬೈಲು. ಇನ್ನೂ ಎರಡು ಬೇಕಾಗಬಹುದು.